ಕ್ಲಿಪ್ ಹಾಕಿಸುವ ಮುಂಚೆ, ಮಗಳಿಗೆ

ನವನಗರ, ಬಾಗಲಕೋಟೆ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಆರಾಮ.

ಹಲ್ಲಿಗೆ ಕ್ಲಿಪ್ ಹಾಕಿಸ್ತೀನಿ ಅಂದಿದ್ದಕ್ಕೆ ನಿಮ್ಮಪ್ಪ, ನಮ್ಮ ಅಣ್ಣ, ‘28 ವರ್ಷಕ್ಕೆ ಇದೆಲ್ಲ ಯಾಕೆ’ ಎಂದು ಬೈದನಂತೆ. ಬಿಡು. ನಾನು 42ಕ್ಕೆ ಹಾಕಿಸಿಕೊಂಡಾಗ ನಿಮ್ಮ ಚಿಗವ್ವ ಅಂದದ್ದನ್ನು ಇಲ್ಲಿ ಬರೆಯೋ ಹಾಗಿಲ್ಲ. ಒಸಡು, ಎಲುಬು ಚೆನ್ನಾಗಿದ್ದರೆ ವಯಸ್ಸು ಅಡ್ಡ ಬರುವುದಿಲ್ಲ. ಆದರೆ ಮದುವೆಯೊಳಗೆ, ಆರು ತಿಂಗಳಲ್ಲಿ ಮುಗಿಸಬೇಕು ಅಂತೀಯಲ್ಲ, ಅದಕ್ಕೇ ಈ ಪತ್ರ.

ಹಲ್ಲು ಕೂತಿರೋದು ಎಲುಬಿನಲ್ಲಿ. ಕ್ಲಿಪ್ಪಿನ ತಂತಿ ಒತ್ತಿದ ಕಡೆ ಎಲುಬು ಕರಗಬೇಕು, ಹಲ್ಲು ಬಿಟ್ಟು ಬಂದ ಜಾಗದಲ್ಲಿ ಹೊಸ ಎಲುಬು ತುಂಬಬೇಕು. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ದೊಡ್ಡ ಮಾತು. ನಮ್ಮಂಥ ಉಬ್ಬು ಹಲ್ಲಿಗೆ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ಜೋರಾಗಿ ಎಳೆದರೆ ಹಲ್ಲಿನ ಬೇರು ಸವೆಯುವ ಭಯ. ಆರು ತಿಂಗಳಲ್ಲಿ ಮುಂದಿನ ಹಲ್ಲು ಸಾಲಾಗಿ ಕಾಣಬಹುದು, ಫೋಟೋಕ್ಕೆ ಸಾಕು. ಕೆಳಗಿನ ಹಲ್ಲು ಅಂಗುಳಕ್ಕೆ ತಾಗಿ ಗಾಯವಾಗುತ್ತೆ ಅಂತ ಅಳುತ್ತಿದ್ದೆಯಲ್ಲ, ಅದು ಹಾಗೇ ಉಳಿಯುತ್ತದೆ.

ಹಲ್ಲು ಸಾಲು ಮಾಡುವುದರಲ್ಲೇ ಎಂ.ಡಿ.ಎಸ್. ಓದಿದವರ ಹತ್ತಿರ ಹೋಗು. ಮುಖದ ಪಕ್ಕದಿಂದ ಎಕ್ಸ್-ರೇ ತೆಗೆಯುತ್ತಾರೆ. ತಪ್ಪು ಹಲ್ಲಿನದೋ ದವಡೆಯದೋ ಅಂತ ಕೇಳು. ಚಿಕ್ಕ ಮಕ್ಕಳಲ್ಲಿ ಬೆಳೆಯುವ ದವಡೆಯನ್ನು ತಿದ್ದಬಹುದು, ನಿನ್ನದು ಬೆಳೆದು ನಿಂತಿದೆ. ಕೆಳದವಡೆಯೇ ಹಿಂದೆ ಇದ್ದರೆ ತಂತಿ ಅದನ್ನು ಮುಂದೆ ತರಲ್ಲ. ಆಗ ಮೇಲಿನ ಎರಡು ಹಲ್ಲು ಕಿತ್ತು ಜಾಗ ಮಾಡ್ತೀವಿ ಅನ್ನಬಹುದು, ಇಲ್ಲ ಆಪರೇಷನ್ ಅನ್ನಬಹುದು. ಹಲ್ಲು ಕೀಳೋದು ಅಂದ ಕೂಡಲೇ ಓಡಿ ಬರಬೇಡ, ಹೂಂ ಅಂತಲೂ ಅನ್ನಬೇಡ. ಇನ್ನೊಬ್ಬ ಡಾಕ್ಟರಿಗೆ ತೋರಿಸು. ಒಟ್ಟು ಖರ್ಚನ್ನು ಮೊದಲೇ ಬರೆಸಿಕೋ.

ಇನ್ನು ಊಟ. ಕೆಳಗಿನ ಹಲ್ಲು ಅಂಗುಳಕ್ಕೆ ತಾಗದಿರಲಿ ಅಂತ ಮೇಲಿನ ಮುಂದಿನ ಹಲ್ಲಿನ ಹಿಂದೆ ಸಿಮೆಂಟಿನ ಸಣ್ಣ ಉಬ್ಬು ಅಂಟಿಸಬಹುದು, ಆಗ ದವಡೆಹಲ್ಲು ಒಂದಕ್ಕೊಂದು ಕೂಡುವುದೇ ಇಲ್ಲ. ನನಗೆ ಬಿಸಿ ರೊಟ್ಟಿ ಕೂಡ ಅಗಿಯಲು ಬರಲಿಲ್ಲ. ಸಾರಿನಲ್ಲಿ ನೆನೆಸಿ ನುಂಗಿದೆ, ಮೂರು ಕಿಲೋ ಇಳಿದೆ. ಕಡಕ್ ರೊಟ್ಟಿ, ಕಬ್ಬು, ಅಮೀನಗಡದ ಕರದಂಟು ಬಂದ್. ನಾನು ಕದ್ದು ಒಂದು ತುಂಡು ಕರದಂಟು ತಿಂದು, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ್ದ ಬ್ರಾಕೆಟ್ ಕಿತ್ತುಕೊಂಡು ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಅವರು ಹಲ್ಲಿಗೆ ಅಂಟಿದ್ದ ಕರದಂಟಿನ ಅಂಟನ್ನೇ ತೆಗೆದು ತೋರಿಸಿದರು. ಕಾಣದಿರಲಿ ಅಂತ ಬಿಳಿ ಬ್ರಾಕೆಟ್ ಹಾಕಿಸಿದರೂ ತಂತಿ ಕಟ್ಟುವ ಅದರ ರಬ್ಬರ್‌ಗೆ ನಮ್ಮ ಅರಿಷಿಣ ಹತ್ತುತ್ತದೆ. ತುಟಿ ಒಳಗೆ ಚುಚ್ಚಿದರೆ ಮೇಣ ಕೊಡ್ತಾರೆ, ಹಚ್ಚಿಕೋ.

ತಂತಿ ಬಿಚ್ಚಿದ ಮೇಲಿನದು ಯಾರೂ ಜೋರಾಗಿ ಹೇಳುವುದಿಲ್ಲ, ನಾನು ಹೇಳ್ತೀನಿ. ಆಲಮಟ್ಟಿ ಡ್ಯಾಮಿನ ಹಿನ್ನೀರು ಹಳೆ ಊರಿಗೆ ಬಂದು ನಾವು ನವನಗರಕ್ಕೆ ಬಂದಾಗ ನಿಮ್ಮ ಅಜ್ಜನ ಕಾಲು ದಿನಾ ಸಂಜೆ ತಾನೇ ಹಳೆ ಊರಿನ ಪೇಟೆ ಕಡೆ ತಿರುಗುತ್ತಿತ್ತು. ಹಲ್ಲೂ ಹಾಗೇ. ಒಸಡಿನ ಎಳೆಗಳು ಅದನ್ನು ಹಳೆ ಜಾಗಕ್ಕೆ ಜಗ್ಗುತ್ತಿರುತ್ತವೆ. ಅದಕ್ಕೆ ರಿಟೇನರ್ ಕೊಡ್ತಾರೆ, ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ಸಾಧನ. ನಾನು ಒಂದು ವರ್ಷ ಹಾಕಿಕೊಂಡೆ, ಆಮೇಲೆ ಸುಮ್ನೆ ಕಪಾಟಿನಲ್ಲಿ ಇಟ್ಟೆ. ಎರಡು ವರ್ಷಕ್ಕೆ ಕೆಳಗಿನ ಹಲ್ಲು ಮತ್ತೆ ಒಂದರ ಮೇಲೊಂದು ಏರಿತು. ಹಳೆ ರಿಟೇನರ್ ಬಾಯಿಗೆ ಕೂಡಲೇ ಇಲ್ಲ. ರಾತ್ರಿ ಅದನ್ನು ಎಷ್ಟೋ ವರ್ಷ ಹಾಕಿಕೊಳ್ಳಲು ನೀನು ತಯಾರಿದ್ದರೆ ಮಾತ್ರ ಶುರು ಮಾಡು.

ಮದುವೆಯಲ್ಲಿ ತಂತಿ ಇದ್ದರೆ ಇರಲಿ, ನಗು. ಹುಡುಗನಿಗೆ ಈಗಲೇ ಹೇಳಿಬಿಡು. ಎಕ್ಸ್-ರೇ ಆದ ಮೇಲೆ ಫೋನ್ ಮಾಡು. ಕರದಂಟು ತಿನ್ನೋದಿದ್ದರೆ ಕ್ಲಿಪ್ ಹಾಕಿಸುವ ಮೊದಲು ಒಮ್ಮೆ ಬಂದು ಹೋಗು, ಚಿಗವ್ವ ಕಾಯ್ತಿದ್ದಾಳೆ.

ನಿನ್ನ ಕಾಕಾ