ಪುರಾವೆಯ ಪಾಠ ವಾರ್ಡಿನಲ್ಲಿಯೇ ಆಗಲಿ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ಮಂಗಳೂರಿನಿಂದ ಗೌರವಪೂರ್ವಕ ವಂದನೆಗಳು.

ಮಳೆಗಾಲ ಹಿಡಿಯಿತೆಂದರೆ ನಮ್ಮೂರಿನ ವಾರ್ಡುಗಳಿಗೆ ಡೆಂಗಿ ರೋಗಿಗಳು ಬರತೊಡಗುತ್ತಾರೆ. ಅಂಥದೊಂದು ಮಳೆಗಾಲದ ಬೆಳಗಿನ ರೌಂಡ್ಸ್ ನನಗೆ ಇಂದಿಗೂ ಮರೆತಿಲ್ಲ. ಯುವಕನೊಬ್ಬನ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಎಣಿಕೆ 18,000ಕ್ಕೆ ಇಳಿದಿತ್ತು; ಮೈಮೇಲೆ ರಕ್ತಸ್ರಾವದ ಗುರುತು ಎಲ್ಲಿಯೂ ಇರಲಿಲ್ಲ. ಅವನ ಅಣ್ಣ ರಕ್ತನಿಧಿಯ ಚೀಟಿಯನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಓಡಲು ಸಿದ್ಧನಾಗಿ ನಿಂತಿದ್ದ. "ಈಗ ಪ್ಲೇಟ್‌ಲೆಟ್ ಕೊಟ್ಟರೆ ರಕ್ತಸ್ರಾವ ತಪ್ಪುತ್ತದೆಯೇ ಸರ್?" ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ನಾವು ಮೊದಲಿನಿಂದಲೂ ಕೊಡುತ್ತ ಬಂದಿದ್ದೇವೆ" ಎಂದಷ್ಟೇ ಹೇಳಿ ನಾನು ಮುಂದಿನ ಹಾಸಿಗೆಗೆ ಹೋದೆ.

ಅವಳ ಪ್ರಶ್ನೆಗೆ ಉತ್ತರವಿತ್ತು. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಎಣಿಕೆ 20,000ಕ್ಕಿಂತ ಹೆಚ್ಚಿಲ್ಲದ 372 ವಯಸ್ಕ ಡೆಂಗಿ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುನ್ನೆಚ್ಚರಿಕೆಗಾಗಿ ಕೊಟ್ಟ ಪ್ಲೇಟ್‌ಲೆಟ್‌ನಿಂದ ರಕ್ತಸ್ರಾವ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ಕೋವಿಡ್ ಕಾಲದಲ್ಲಿ ಗುಣಮುಖರಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕಾಗಿ ಜನ ಅಲೆದದ್ದೂ ತಮಗೆ ನೆನಪಿರಬಹುದು. ನಮ್ಮದೇ ದೇಶದ 39 ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವು ಅದರಿಂದ ಸಾವು ತಪ್ಪುವುದಿಲ್ಲವೆಂದು 2020ರಲ್ಲಿಯೇ ತೋರಿಸಿದ್ದರೂ, ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ.

ಪುರಾವೆ ಆಧಾರಿತ ಚಿಕಿತ್ಸೆಯ, ಅಂದರೆ ಸಂಶೋಧನೆಯ ಫಲಿತಾಂಶ ನೋಡಿ ಚಿಕಿತ್ಸೆ ನಿರ್ಧರಿಸುವ ಕ್ರಮದ, ಪಾಠ ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ನಾನು ಕಂಡಂತೆ ಅದು ಬಹುಮಟ್ಟಿಗೆ ತರಗತಿಯಲ್ಲಿ ಮುಗಿದು, ಪರೀಕ್ಷೆಗೆ ಬಾಯಿಪಾಠವಾಗಿ ಉಳಿಯುತ್ತದೆ. ಸ್ನಾತಕೋತ್ತರ ಕಲಿಕೆಯನ್ನು ಕುರಿತು 2004ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳ ಪರಾಮರ್ಶೆಯೊಂದರ ಪ್ರಕಾರ, ಪ್ರತ್ಯೇಕ ತರಗತಿಯಿಂದ ತಿಳಿವಳಿಕೆಯಷ್ಟೇ ಹೆಚ್ಚುತ್ತದೆ. ರೋಗಿಯ ಬಳಿಯಲ್ಲೇ ಕಲಿಸಿದಾಗ ಕೌಶಲ, ಮನೋಭಾವ, ನಡವಳಿಕೆ ಮೂರೂ ಸುಧಾರಿಸುತ್ತವೆ. ಅನುಭವವನ್ನು ಬದಿಗಿಡಬೇಕೆಂಬುದು ಇದರ ಅರ್ಥವಲ್ಲ. ಪುರಾವೆಯ ಜೊತೆಗೆ ವೈದ್ಯನ ಅನುಭವವೂ ರೋಗಿಯ ಇಚ್ಛೆಯೂ ಸೇರಬೇಕೆಂದು ಈ ಕ್ರಮದ ಪ್ರವರ್ತಕರಲ್ಲೊಬ್ಬರಾದ ವೈದ್ಯ ಡೇವಿಡ್ ಸ್ಯಾಕೆಟ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿಯೇ ಸ್ಪಷ್ಟಪಡಿಸಿದ್ದಾರೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಯಿಷ್ಟು: ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುವ ವೆನ್‌ಲಾಕ್‌ನಂಥ ಸರಕಾರಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಸಂಶೋಧನಾ ಲೇಖನಗಳನ್ನು ಆಗಿಂದಾಗಲೇ ತೆರೆದು ಓದುವ ಸೌಲಭ್ಯವಿರಲಿ, ರೌಂಡ್ಸಿನಲ್ಲಿ ಎದ್ದ ಒಂದು ಪ್ರಶ್ನೆಗಾದರೂ ಪ್ರತಿ ವಾರ ಉತ್ತರ ಹುಡುಕುವ ಒಂದು ಗಂಟೆಯನ್ನು ಅಧ್ಯಾಪಕರ ಕೆಲಸದ ವೇಳೆಯಲ್ಲಿಯೇ ಸೇರಿಸಲಿ, ಮತ್ತು ಪ್ರಾಯೋಗಿಕ ಪರೀಕ್ಷೆಯಲ್ಲಿ "ಈ ಚಿಕಿತ್ಸೆಗೆ ಪುರಾವೆ ಏನು?" ಎಂಬ ಪ್ರಶ್ನೆಗೆ ಅಂಕವಿಡುವಂತೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ತಾವು ಸೂಚಿಸಬೇಕು. ಸಿಕ್ಕ ಉತ್ತರವನ್ನು ಆ ಅಣ್ಣನಂಥವರಿಗೆ ತುಳುವಿನಲ್ಲೋ ಕನ್ನಡದಲ್ಲೋ ತಿಳಿಯುವಂತೆ ಹೇಳುವುದನ್ನೂ ವಿದ್ಯಾರ್ಥಿಗಳು ಅಲ್ಲಿಯೇ, ಹಾಸಿಗೆಯ ಪಕ್ಕದಲ್ಲಿಯೇ ಕಲಿಯಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವೈದ್ಯಕೀಯ ಅಧ್ಯಾಪಕ, ಮಂಗಳೂರು