ಗಮ್ ಬೈಂಡಿಂಗ್ ಇನ್ನು ಅದೇ ದಿನ ಸಿಗುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಮೊದಲು ವಿಷಯ ಹೇಳಿಬಿಡುತ್ತೇವೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಡ್ಡ ಪುಟದ ಪ್ರೆಸೆಂಟೇಷನ್‌ಗಳಿಗೆ, ಅಂದರೆ ಲ್ಯಾಂಡ್‌ಸ್ಕೇಪ್ ಸ್ಲೈಡುಗಳಿಗೆ, ನಾವು ಗಮ್ ಬೈಂಡಿಂಗ್ (ಹಾಳೆಗಳ ಒಂದು ಬದಿಗೆ ಬಿಸಿ ಅಂಟು ಹಚ್ಚಿ ಪುಸ್ತಕ ಮಾಡುವುದು) ಮಾಡುವುದಿಲ್ಲ. ಉದ್ದ ಪುಟದ ಪುಸ್ತಕಗಳಿಗೆ ಮಾಡುತ್ತೇವೆ, ಆದರೆ ಮಾರನೇ ದಿನ ಕೊಡುತ್ತೇವೆ. ಬೈಂಡಿಂಗ್ ಯಾವುದು ಅಂತ ಹೇಳದೆ ಫೈಲ್ ಕಳಿಸಿದರೆ ವೈರೋ, ಅಂದರೆ ತೂತು ಹೊಡೆದು ಜೋಡಿ ತಂತಿಯ ಉಂಗುರ ಹಾಕುವ ಬೈಂಡಿಂಗ್, ಹಾಕುತ್ತೇವೆ. ವೈರೋಗೆ ಪುಸ್ತಕಕ್ಕೆ ಹತ್ತು ರೂಪಾಯಿ ಜಾಸ್ತಿ ಆಗಿದೆ. ಸ್ಪೈರಲ್, ಅಂದರೆ ಸುರುಳಿ ಬೈಂಡಿಂಗಿನ ರೇಟು ಹಾಗೇ ಇದೆ.

ಇದನ್ನು ಓದಿ ಕೆಲವರಿಗೆ ಕೋಪ ಬರುತ್ತದೆ, ಗೊತ್ತು. ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇಟ್ಟುಕೊಂಡು ಒಂಬತ್ತೂವರೆಗೆ ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತುವವರು ನೀವು. ನಾವೂ ಇಷ್ಟು ದಿನ ಇಲ್ಲ ಅಂದವರಲ್ಲ. ಆ ‘ಇಲ್ಲ ಅನ್ನದೇ ಇದ್ದದ್ದೇ’ ತಪ್ಪಾಯಿತು.

ಕಳೆದ ಕೆಲವು ತಿಂಗಳಿಂದ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದೇವೆ: ‘ಹಾಳೆ ಕಿತ್ತು ಬಂತು, ಗಮ್ಮಲ್ಲಿ ಉಳಿಸ್ತಿದ್ದೀರಾ?’ ಫೋನಿನಲ್ಲಿ ಕೇಳಿದ್ದಾರೆ, ಕೌಂಟರಿನಲ್ಲಿ ಕೇಳಿದ್ದಾರೆ. ಒಬ್ಬರು ಕಿತ್ತು ಬಂದ ಹಾಳೆಯ ಫೋಟೋ ತೆಗೆದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ದರು. ಉತ್ತರ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಗಮ್ ಕಡಿಮೆ ಹಾಕಿಲ್ಲ. ಕಡಿಮೆ ಹಾಕಿ ಉಳಿಸುವಷ್ಟು ದುಬಾರಿ ಸಾಮಾನೂ ಅದಲ್ಲ. ಈ ಅಂಟನ್ನು 160ರಿಂದ 180 ಡಿಗ್ರಿವರೆಗೆ ಕಾಯಿಸಿ ಪುಸ್ತಕದ ಬೆನ್ನಿಗೆ ಹಚ್ಚುತ್ತೇವೆ. ಅದಕ್ಕೂ ಮೊದಲು ಬೆನ್ನನ್ನು ಒರಟು ಮಾಡುತ್ತೇವೆ, ಕಾಗದದ ನಾರು ಎದ್ದು ಅಂಟು ಅದರೊಳಗೆ ಇಳಿಯಲಿ ಅಂತ. ಮಾಮೂಲಿ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದದಲ್ಲಿ ಇದು ಗಟ್ಟಿಯಾಗಿ ಕೂರುತ್ತದೆ. ಆದರೆ ಪ್ರೆಸೆಂಟೇಷನ್ ಅಂದ ಕೂಡಲೇ ನೀವು ಕೇಳುವುದು 170 ಜಿಎಸ್‌ಎಂ ಆರ್ಟ್ ಪೇಪರ್. ಮಿಂಚುತ್ತದೆ, ಬಣ್ಣ ಚೆನ್ನಾಗಿ ಬರುತ್ತದೆ, ನಿಜ. ಆ ಮಿಂಚು ಕಾಗದದ ಮೇಲಿನ ಒಂದು ಲೇಪ. ಅಂಟು ಹಿಡಿಯುವುದು ಆ ಲೇಪವನ್ನು, ಒಳಗಿನ ನಾರನ್ನಲ್ಲ. ಎಳೆದರೆ ಲೇಪದ ಸಮೇತ ಬರುತ್ತದೆ. ಅದರ ಮೇಲೆ ಸ್ಲೈಡಿನ ಕಡುನೀಲಿ ಹಿನ್ನೆಲೆ ಅಂಚಿನವರೆಗೂ ಪ್ರಿಂಟ್ ಆಗಿದ್ದರೆ ಅಲ್ಲಿ ಟೋನರ್, ಅಂದರೆ ಪ್ರಿಂಟರಿನ ಬಣ್ಣದ ಪುಡಿ ಬೇರೆ ಕೂತಿರುತ್ತದೆ. ಬೇಕಾದರೆ ಹಾಳೆ ಕಿತ್ತು ಬಂದ ಜಾಗದಲ್ಲಿ ಪುಸ್ತಕದ ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ. ಅಂಟಿನ ಮೇಲೆ ತೆಳ್ಳಗೆ ಬಿಳಿ ಪುಡಿ ಕಾಣುತ್ತದೆ. ಅದು ನಿಮ್ಮ ಆರ್ಟ್ ಪೇಪರಿನ ಮಿಂಚು.

ಇನ್ನೊಂದು ಕಾರಣ ಕಾಗದದ ಗ್ರೇನ್. ಕಾಗದಕ್ಕೆ ನಾರಿನ ದಿಕ್ಕು ಅಂತ ಒಂದಿದೆ. ಮನೆಯಲ್ಲಿ ಹಳೇ ದಿನಪತ್ರಿಕೆ ತೆಗೆದು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಬರುತ್ತದೆ. ಅಡ್ಡ ಹರಿಯಿರಿ, ಸೊಟ್ಟ ಸೊಟ್ಟ ಹೋಗುತ್ತದೆ. ಎ4 ಹಾಳೆಯಲ್ಲಿ ಈ ನಾರು ಹೆಚ್ಚಾಗಿ 297 ಮಿಲಿಮೀಟರಿನ ಉದ್ದ ಬದಿಯ ಜೊತೆ ಓಡುತ್ತದೆ. ಪುಸ್ತಕದ ಬೆನ್ನೂ ಅದೇ ಬದಿಯಲ್ಲಿದ್ದರೆ ಹಾಳೆ ಸಲೀಸಾಗಿ ಬಾಗುತ್ತದೆ. ಅಡ್ಡ ಸ್ಲೈಡಿಗೆ ಬೆನ್ನು ಬರುವುದು 210ರ ಗಿಡ್ಡ ಬದಿಗೆ. ಅಲ್ಲಿ ಹಾಳೆ ಬಾಗುವುದಿಲ್ಲ, ಸೆಟೆದು ನಿಲ್ಲುತ್ತದೆ. ಮೀಟಿಂಗಿನಲ್ಲಿ ಯಾರೋ ಪುಸ್ತಕ ಮೇಜಿನ ಮೇಲೆ ತೆರೆದೇ ಇರಲಿ ಅಂತ ಅಂಗೈಯಲ್ಲಿ ಒತ್ತುತ್ತಾರೆ. ಸುಮಾರು ಒಂದಡಿ ಅಗಲದ ಹಾಳೆ ಗಿಡ್ಡ ಬೆನ್ನನ್ನು ಸನ್ನೆಗೋಲಿನ ಹಾಗೆ ಎಳೆಯುತ್ತದೆ. ಮೊದಲು ‘ಟಕ್’ ಅಂತ ಒಂದು ಸದ್ದು. ಆಮೇಲೆ ಹಾಳೆ ಕೈಗೆ.

ಹಾಗಾದರೆ ನಮ್ಮ ತಪ್ಪೇ ಇಲ್ಲವಾ? ಇದೆ. ಅಂಟು ಐದು ನಿಮಿಷಕ್ಕೆ ಗಟ್ಟಿಯಾದ ಹಾಗೆ ಕಂಡರೂ ಪೂರ್ತಿ ಬಲ ಬರಲು ಸುಮಾರು ಒಂದು ದಿನ ಬೇಕು. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಅವಸರ ನೋಡಿ ಬೆನ್ನು ಬಿಸಿ ಇರುವಾಗಲೇ ಕೊಟ್ಟು ಕಳಿಸಿದ್ದೇವೆ. ಒಂದು ಸಲ ಹೀಗೆ ಕೊಟ್ಟ ಹನ್ನೆರಡು ಪುಸ್ತಕ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಎರಡು ಗಂಟೆ ಇದ್ದವು. ಈ ಅಂಟು ಶಾಖಕ್ಕೆ ಮತ್ತೆ ಮೆತ್ತಗಾಗುವ ಜಾತಿಯದು. ನಾಲ್ಕು ಪುಸ್ತಕ, ಮಾಡಿಸಿಕೊಂಡು ಹೋದ ಹುಡುಗಿಯ ಗ್ರಾಹಕರ ಮುಂದೆಯೇ ಬಿಚ್ಚಿಕೊಂಡವು. ಆ ಹುಡುಗಿ ಸಂಜೆ ವಾಪಸ್ ಬಂದು ಜಗಳ ಆಡಲಿಲ್ಲ. ಪುಸ್ತಕಗಳನ್ನು ಕೌಂಟರಿನ ಮೇಲಿಟ್ಟು ‘ಸಾರ್, ಇದನ್ನ ನೋಡಿ’ ಅಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಅವರಿಗೂ, ಹೇಳದೆ ಸುಮ್ಮನಾದ ಬೇರೆಯವರಿಗೂ ಕ್ಷಮೆ ಕೇಳುತ್ತೇವೆ.

ನಮ್ಮ ಹಿರಿಯ ಬೈಂಡರ್ ತಾತ ಮಾತ್ರ ಕ್ಷಮೆ ಕೇಳಲು ಒಪ್ಪುತ್ತಿಲ್ಲ. ‘ನಾನು ಹೊಲಿದ ಪುಸ್ತಕ ಒಂದಾದರೂ ಬಿಚ್ಚಿದೆಯಾ ಕೇಳು’ ಅನ್ನುತ್ತಾರೆ. ಅದೂ ನಿಜವೇ. ದಾರದಲ್ಲಿ ಹೊಲಿದ ಹಾರ್ಡ್ ಬೌಂಡ್ ಇವತ್ತಿಗೂ ಇದೆ, ಮೂರು ದಿನ ಬೇಕು. ಸ್ಪೈರಲ್ ಆದರೆ ಹಾಳೆ ಬದಲಾಯಿಸಬಹುದು ಅಂತ ಕೆಲವು ಟೆಂಡರುಗಳಲ್ಲಿ ಒಪ್ಪುವುದಿಲ್ಲ, ಅಂಥವರಿಗೆ ಇದೇ ಸರಿ.

ಈಗ ದುಡ್ಡಿನ ಮಾತು. ‘ಜಿಎಸ್‌ಟಿ ಇಳಿದಿದೆ ಅಂತ ಪೇಪರಲ್ಲಿ ಬಂತು, ನೀವು ಮಾತ್ರ ಏರಿಸ್ತೀರಲ್ಲ’ ಅಂತ ಕೇಳುತ್ತೀರಿ. ಇಳಿದದ್ದು ಹೌದು. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ನೋಟ್‌ಬುಕ್ಕಿಗೆ ತೆರಿಗೆ ಸೊನ್ನೆ ಆಯಿತು. ಸಂತೋಷ. ಅದೇ ದಿನ ನಾವು ಕೊಳ್ಳುವ ಪ್ರಿಂಟಿಂಗ್ ಕಾಗದದ ತೆರಿಗೆ ಶೇಕಡಾ 12ರಿಂದ 18ಕ್ಕೆ ಏರಿತು. ಇದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ದೊಡ್ಡ ಪ್ರೆಸ್ಸಿನವರು ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ, ಅಂದರೆ ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು, ಹೊಂದಿಸಿಕೊಳ್ಳುತ್ತಾರೆ. ನಾವು ಸಣ್ಣ ವ್ಯಾಪಾರಿಗಳ ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರು, ನಮಗೆ ಆ ಕ್ರೆಡಿಟ್ ಇಲ್ಲ. ನಿಮ್ಮ ಬಿಲ್ಲಿನ ಮೇಲೆ ಬೇರೆಯಾಗಿ ಜಿಎಸ್‌ಟಿ ಹಾಕುವ ಹಾಗೂ ಇಲ್ಲ. 250 ರೂಪಾಯಿಯ ಒಂದು ರೀಮಿಗೆ ಮೊದಲು 30 ರೂಪಾಯಿ ತೆರಿಗೆ, ಈಗ 45. ‘ಹದಿನೈದು ರೂಪಾಯಿ ಒಂದು ದುಡ್ಡಾ’ ಅನ್ನಬಹುದು. ಮಾರ್ಚ್ ತಿಂಗಳಲ್ಲಿ ಒಂದು ಸಲ ನಮ್ಮ ಕಾಗದದ ಬಿಲ್ ನೋಡಿ, ಆಮೇಲೆ ಹೇಳಿ. ಹಾಗಿದ್ದೂ ಪ್ರಿಂಟಿನ ರೇಟು ಇನ್ನೂ ಮುಟ್ಟಿಲ್ಲ. ಏರಿಸಿದ್ದು ವೈರೋ ಒಂದನ್ನೇ, ತಂತಿಯ ಪೆಟ್ಟಿಗೆ ದುಬಾರಿ ಆಗಿದ್ದಕ್ಕೆ. ವೈರೋದಲ್ಲಿ ನಮಗೆ ಲಾಭ ಜಾಸ್ತಿ, ಅದಕ್ಕೇ ಅದನ್ನು ತಳ್ಳುತ್ತಿದ್ದೇವೆ ಅಂತ ಒಂದು ಮಾತು ಓಡಾಡುತ್ತಿದೆ. ಲಾಭ ಜಾಸ್ತಿ ಇದ್ದದ್ದು ಗಮ್ಮಿನಲ್ಲಿ, ಸ್ವಾಮಿ. ಅಡ್ಡ ಸ್ಲೈಡಿಗೆ ಅದನ್ನೇ ಬಿಡುತ್ತಿದ್ದೇವೆ.

ವೈರೋ ಯಾಕೆ ಅಂದರೆ, ಮೇಜಿನ ಮೇಲೆ ಬಿಡಿಸಿಟ್ಟರೆ ಚಪ್ಪಟೆಯಾಗಿ ಕೂರುತ್ತದೆ. ಪುಟವನ್ನು ಪೂರ್ತಿ ಹಿಂದಕ್ಕೆ ಮಡಚಬಹುದು. ಸ್ಪೈರಲ್ಲೂ ಮಡಚುತ್ತದೆ, ಅಗ್ಗ, ಬ್ಯಾಗಿನಲ್ಲಿ ಅಮುಕಿದರೂ ಮತ್ತೆ ಎದ್ದು ನಿಲ್ಲುತ್ತದೆ. ಟ್ರೈನಿಂಗ್ ಮೆಟೀರಿಯಲ್ಲಿಗೆ ಧಾರಾಳವಾಗಿ ಹಾಕಿಸಿ. ಆದರೆ ಸ್ಪೈರಲ್ಲಿನಲ್ಲಿ ಎದುರುಬದುರು ಪುಟ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ, ಸುರುಳಿ ಅಲ್ವಾ. ಎರಡು ಪುಟಕ್ಕೆ ಹರಡಿದ ಗ್ರಾಫಿನ ಗೆರೆ ಮಧ್ಯದಲ್ಲಿ ಮೆಟ್ಟಿಲು ಹತ್ತುತ್ತದೆ. ವೈರೋದಲ್ಲಿ ಪುಟಗಳು ಒಂದೇ ನೇರಕ್ಕೆ ನಿಲ್ಲುತ್ತವೆ. ಎ4 ಉದ್ದ ಬದಿಯಲ್ಲಿ 34 ಜೋಡಿ ತಂತಿ, ಲೆಕ್ಕ ಹಾಕಿ ನೋಡಿ. ಒಂದೇ ಎಚ್ಚರಿಕೆ: ವೈರೋ ಜಜ್ಜಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಲ್ಯಾಪ್‌ಟಾಪಿನ ಕೆಳಗೆ ಇಡಬೇಡಿ.

ಅಡ್ಡ ಸ್ಲೈಡಿನವರಿಗೆ ಒಂದು ಉಪಾಯ. 16:9 ಸ್ಲೈಡನ್ನು ಎ4 ಅಗಲಕ್ಕೆ ಹೊಂದಿಸಿದರೆ ಅದರ ಎತ್ತರ 167 ಮಿಲಿಮೀಟರ್ ಆಗುತ್ತದೆ. ಕಾಗದ 210. ಮೇಲೆ ಕೆಳಗೆ ಸುಮಾರು 21 ಮಿಲಿಮೀಟರ್ ಖಾಲಿ ಪಟ್ಟಿ ಸುಮ್ನೆ ಉಳಿಯುತ್ತದೆ. ಎಡಕ್ಕೆ ಬೈಂಡ್ ಮಾಡಿಸಿದರೆ ತೂತು ನಿಮ್ಮ ಕಂಪನಿಯ ಲೋಗೋ ಮೇಲೆ ಬೀಳಬಹುದು. ಕ್ಯಾಲೆಂಡರಿನ ಹಾಗೆ ಮೇಲಿನಿಂದ ಬೈಂಡ್ ಮಾಡಿಸಿದರೆ ತೂತು ಖಾಲಿ ಪಟ್ಟಿಯಲ್ಲೇ ಮುಗಿಯುತ್ತದೆ. ನಾರಿನ ದಿಕ್ಕೂ ಸರಿಯಾಗುತ್ತದೆ. ಎರಡೂ ಬದಿ ಪ್ರಿಂಟ್ ಇದ್ದರೆ ಮೊದಲೇ ಹೇಳಿ, ಇಲ್ಲದಿದ್ದರೆ ಹಿಂದಿನ ಪುಟ ತಲೆಕೆಳಗಾಗುತ್ತದೆ. ಎಡಕ್ಕೇ ಬೇಕು ಅಂದರೆ ಎಡಗಡೆ 15 ಮಿಲಿಮೀಟರ್ ಬಿಟ್ಟು ಕಳಿಸಿ.

ಎಂಟು, ಹನ್ನೆರಡು ಪುಟದ ಚಿಕ್ಕದಕ್ಕೆ ಸೆಂಟರ್ ಪಿನ್ ಸಾಕು, ಅಂದರೆ ಹಾಳೆಗಳನ್ನು ನಡುವೆ ಮಡಚಿ ಮಡಿಕೆಗೆ ಪಿನ್ ಹೊಡೆಯುವುದು. ಪುಟ ನಾಲ್ಕರ ಲೆಕ್ಕದಲ್ಲಿ ಇರಲಿ.

ಕೊನೆಯದಾಗಿ, ಕಳೆದ ಆರು ತಿಂಗಳಲ್ಲಿ ನಮ್ಮಲ್ಲಿ ಗಮ್ ಹಾಕಿಸಿದ ಪ್ರೆಸೆಂಟೇಷನ್ ಬಿಚ್ಚಿಕೊಂಡಿದ್ದರೆ ತನ್ನಿ, ದುಡ್ಡಿಲ್ಲದೆ ವೈರೋ ಹಾಕಿಕೊಡುತ್ತೇವೆ. ಬಿಲ್ ಬೇಡ, ಬೆನ್ನು ನೋಡಿದರೆ ನಮ್ಮದೋ ಬೇರೆಯವರದೋ ತಾತನಿಗೆ ಗೊತ್ತಾಗುತ್ತದೆ. ಅಂಟಿನ ಭಾಗ ಕತ್ತರಿಸಿ ತೆಗೆಯಬೇಕಾಗುತ್ತದೆ, ಎಡಗಡೆ ಮೂರು ಮಿಲಿಮೀಟರ್ ಹೋಗುತ್ತದೆ. ಅಕ್ಷರ ಅಷ್ಟು ಹತ್ತಿರ ಇದ್ದರೆ ಫೈಲನ್ನೂ ಜೊತೆಗೆ ತನ್ನಿ, ಆ ಪುಟಗಳನ್ನು ಮತ್ತೆ ಪ್ರಿಂಟ್ ಮಾಡುತ್ತೇವೆ. ಕಿತ್ತು ಬಂದ ಹಾಳೆಗಳನ್ನು ಎಸೆಯಬೇಡಿ.

ಇಂತಿ,
ಬೈಂಡಿಂಗ್ ಮೇಜಿನಿಂದ ನಿಮ್ಮವರು