ಹಸ್ತಪ್ರತಿ ಕಳುಹಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ.

ಪ್ರಕಾಶಕರಿಗೆ ಹಸ್ತಪ್ರತಿ ಕಳುಹಿಸಲಿರುವ ಸದಸ್ಯರು ಈ ಭಾನುವಾರ ಬೆಳಿಗ್ಗೆ 10.30ಕ್ಕೆ ಸರಸ್ವತಿಪುರಂನ ಎಂದಿನ ಜಾಗಕ್ಕೆ ಬನ್ನಿ. ಕಡತಗಳನ್ನು ಒಟ್ಟಿಗೆ ಕುಳಿತು ಸರಿಪಡಿಸೋಣ. ಕವಿಗಳಿಗೂ ವಿನಾಯಿತಿ ಇಲ್ಲ.

ಬರುವ ಮುನ್ನ ನಿಮ್ಮ ಪ್ರಕಾಶಕರ ಸೂಚನೆಗಳನ್ನು ಓದಿಕೊಳ್ಳಿ, ಅಲ್ಲಿರುವುದೇ ಅಂತಿಮ. ಅವರು ಏನೂ ಹೇಳಿರದಿದ್ದರೆ ಎ4 ಹಾಳೆ, ಸುತ್ತ ಒಂದು ಇಂಚು ಅಂಚು, 12 ಅಥವಾ 14 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ, ಪುಟಸಂಖ್ಯೆ ಇದ್ದರೆ ಸಾಕು.

ನಿಜವಾದ ತಲೆನೋವು ಫಾಂಟಿನದು. ನುಡಿ, ಬರಹ, ಶ್ರೀಲಿಪಿ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕಥೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದ ಮೇಲೂ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ವರ್ಡ್ ಕಡತದೊಂದಿಗೆ ಪಿಡಿಎಫ್ ಕೂಡ ಇರಲಿ. ಅಕ್ಷರ ಕೆಟ್ಟರೆ ಹೋಲಿಸಿ ನೋಡಲು ಅದೇ ಆಧಾರ. ಹೂಬಳ್ಳಿ, ಬಣ್ಣದ ಶೀರ್ಷಿಕೆಗಳು ದಯವಿಟ್ಟು ಬೇಡ. ಡೆಮಿ ಎಂಬ ಪುಸ್ತಕದ ಅಳತೆಗೆ ಪುಟ ಕಟ್ಟುವುದು ಪ್ರಕಾಶಕರ ಕೆಲಸ, ನಮ್ಮದಲ್ಲ.

ಮಾನಸಗಂಗೋತ್ರಿಯ ಸಂಶೋಧಕ ಮಿತ್ರರೇ, ಇಂಗ್ಲಿಷ್ ಹಸ್ತಪ್ರತಿಯ ಉಲ್ಲೇಖ, ಅಡಿಟಿಪ್ಪಣಿಗಳ ಕ್ರಮಕ್ಕೆ ಶಿಕಾಗೊ ಕೈಪಿಡಿಯೋ (18ನೇ ಆವೃತ್ತಿ, 2024) ಎಂಎಲ್ಎ ಕೈಪಿಡಿಯೋ (9ನೇ ಆವೃತ್ತಿ, 2021) ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಎರಡನ್ನೂ ಬೆರೆಸಿದರೆ ಅಡಿಟಿಪ್ಪಣಿಗಳನ್ನು ಮತ್ತೆ ಬರೆಯಬೇಕಾಗುತ್ತದೆ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು, ಬಳಸಿರುವ ಫಾಂಟ್, ಅಂದಾಜು ಪುಟಗಳನ್ನು ಇಲ್ಲಿಯೇ ತಿಳಿಸಿ. ಬರೀ ಹೆಬ್ಬೆರಳಿನ ಚಿತ್ರ ಸಾಲದು. ಲ್ಯಾಪ್‌ಟಾಪ್ ಇರುವವರು ಚಾರ್ಜರ್ ಸಮೇತ ತನ್ನಿ.